ಮೂವತ್ತು ವ್ಯಾಟಿನ ದನಿ

ತಾತನ ಮರ್ಫಿ ರೇಡಿಯೋ ಈಗ ನನ್ನ ಕೋಣೆಯಲ್ಲಿದೆ. ಮೀಡಿಯಂ ವೇವ್‌ನಲ್ಲಿ ಮುಳ್ಳು ತಿರುಗಿಸಿದರೆ ಬರುವುದು ಹೆಚ್ಚಾಗಿ ದೂರದ ಸಿಡಿಲಿನ ಚಟಚಟ.

ತಾತನ ಅಕ್ಕ ಹುಡುಗಿಯಾಗಿದ್ದಾಗ ಒಮ್ಮೆ ರೇಡಿಯೋದಲ್ಲಿ ಹಾಡಿದ್ದರು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ನಿಲಯ ಅದು. ಹೆಸರು ಆಕಾಶವಾಣಿ, ದೇಶದ ರೇಡಿಯೋಗೆಲ್ಲ ಆ ಹೆಸರು ಬಂದದ್ದು ಆಮೇಲೆ. ಮೊದಲಿಗೆ ಶಕ್ತಿ ಬರೀ 30 ವ್ಯಾಟ್, ಒಂದು ಮಂಕು ಬಲ್ಬಿನಷ್ಟು! 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು.

ಮನೆಯಲ್ಲಿ ರೇಡಿಯೋ ಇರಲಿಲ್ಲ. ತಾತ ಪಕ್ಕದ ಮನೆಯ ಕಿಟಕಿಯಾಚೆ ನಿಂತು ಕೇಳಿದ್ದರಂತೆ. ಆ ಅಜ್ಜಿಯನ್ನು ನಾನು ನೋಡಿಲ್ಲ, ಉಳಿದಿರುವುದು ಒಂದೇ ಫೋಟೋ.

“ಯಾವ ಹಾಡು ತಾತ?” ಎಂದು ಕೇಳಿದ್ದೆ.

“ಹಾಡು ಮರೆತೇಹೋಯ್ತು ಕಣೋ. ಶುರು ಮಾಡೋ ಮುಂಚೆ ಸಣ್ಣಗೆ ಕೆಮ್ಮಿದ್ಲು. ಅದು ಕೇಳಿಸ್ತು.”