ಅಮ್ಮನ ಕೈಯ ಗಂಟು
ಪೋಕೆಮಾನ್ ಸರಣಿಯಲ್ಲಿ 1999ರಲ್ಲಿ ಬಂದ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ, ಊರು ಬಿಟ್ಟು ಹೊರಟ ಹುಡುಗನನ್ನು ತಾಯಿ ಕೇಳುತ್ತಾಳೆ: ನಿನ್ನ ಹಣವನ್ನು ನಾನು ಕೂಡಿಡಲೇ? ಒಪ್ಪಿದರೆ, ಗೆದ್ದ ಕಾಳಗಗಳ ಬಹುಮಾನದಲ್ಲಿ ಕಾಲು ಭಾಗ ಅವಳಿಗೆ ಸೇರುತ್ತದೆ. ಆ ಗಂಟಿನಿಂದಲೇ ಅವಳು ಆಗಾಗ ಔಷಧಿಯನ್ನೋ ಗೊಂಬೆಯನ್ನೋ ಕೊಂಡು, ಆಮೇಲೆ ಫೋನಿನಲ್ಲಿ ತಿಳಿಸುತ್ತಾಳೆ. ಕೇಳದೆಯೇ ಖರ್ಚು ಮಾಡಿದಳಲ್ಲ ಎಂದು ಆಡುವ ನಾವು ಗೊಣಗುವುದುಂಟು. ಆದರೆ ಸೋತ ದಿನ ನಮ್ಮ ಕೈಯಲ್ಲಿದ್ದ ಹಣ ಅರ್ಧಕ್ಕಿಳಿಯುತ್ತದೆ. ತಾಯಿಯ ಬಳಿ ಇರುವುದಕ್ಕೆ ಧಕ್ಕೆಯಿಲ್ಲ.

ಪರಊರಿನಲ್ಲಿ ದುಡಿಯುವ ನಮ್ಮ ಲೆಕ್ಕದಲ್ಲಿ ಮನೆಗೆ ಕಳಿಸುವ ಹಣ ಖರ್ಚು. ಬೇಡವೆಂದರೂ ಅಲ್ಲಿಂದ ಬರುವ ಹಪ್ಪಳ ಸಂಡಿಗೆಗಳಿಗೆ ಲೆಕ್ಕವೇ ಇಲ್ಲ. ಮಕ್ಕಳ ಆ ಆಟವಾದರೋ ಅದನ್ನು ಉಳಿತಾಯವೆಂದೇ ಕರೆದಿದೆ.