ಹುಣಸೆ ತೋಪಿದ್ದ ದಿಣ್ಣೆ

ಬೆಂಗಳೂರಿನಿಂದ ಮಾಲೂರಿಗೆ ಹೋಗುವಾಗ ಊರು ಸಮೀಪಿಸುವ ಮುನ್ನವೇ ಇಟ್ಟಿಗೆ ಗೂಡುಗಳ ಹೊಗೆಯೂ ನೀಲಗಿರಿಯ ನೇರ ಸಾಲುಗಳೂ ಕಣ್ಣಿಗೆ ಬೀಳುತ್ತವೆ. ಕಳೆದ ಮಾಗಿಯಲ್ಲಿ ಸೋದರತ್ತೆಯವರನ್ನು ಕಾಣಲು ಹೊರಟ ನಾನು ಇಂಥ ಸಾಲುಗಳ ನಡುವೆಯೇ ನಡೆದು ಅವರ ಹಳ್ಳಿ ಸೇರಿದೆ. ಮನೆಯ ಹಿಂದಿನ ದಿಣ್ಣೆಯಲ್ಲಿ ಒಮ್ಮೆ ಹುಣಸೆ ತೋಪಿತ್ತು. ನಮ್ಮ ಬಾಲ್ಯದ ಬೇಸಿಗೆಗಳೆಲ್ಲ ಅದರ ನೆರಳಿನಲ್ಲಿಯೇ ಕಳೆದವು. 1986ರಲ್ಲಿ ಮನೆಮಗಳ ಮದುವೆಯ ಖರ್ಚಿಗೆಂದು ಹನ್ನೊಂದು ಮರಗಳನ್ನೂ ಕಡಿಸಿ ನೀಲಗಿರಿ ಹಾಕಿದರು. ಕಡಿಸಿದವರಲ್ಲಿ ನನ್ನ ತಂದೆಯವರೂ ಒಬ್ಬರು. ಆದ್ದರಿಂದ ಪರರನ್ನು ದೂರುವ ಅಧಿಕಾರ ನನಗಿಲ್ಲ.

ಆ ಕಾಲದ ಗಾಳಿಯೇ ಹಾಗಿತ್ತು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿಯ ಹೊಲಗಳೂ ನೀಲಗಿರಿಯ ಪಾಲಾದವು. ಆಳುಕಾಳು ಬೇಡ, ಕಾವಲು ಬೇಡ, ದನಕರು ಬಾಯಿ ಹಾಕುವುದಿಲ್ಲ. ಮೂಲತಃ ಆಸ್ಟ್ರೇಲಿಯದ್ದಾದರೂ, 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದಲ್ಲಿ ನೆಲೆಯೂರಿದ ತಳಿಯೇ ‘ಮೈಸೂರು ಗಂ’ ಎಂಬ ಹೆಸರಿನಿಂದ ದೂರದೂರಕ್ಕೆ ಹರಡಿತು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನೆಡುತೋಪಿನ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದ್ದರು. ನಮ್ಮವರು ಆ ಸುದ್ದಿಯನ್ನು ಕೇಳಿಯೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂದಿನ ಚರ್ಚೆಯೆಲ್ಲ ನೀರಿನದು. ಇಂದು ಅದರೊಡನೆ ಇಂಗಾಲದ ಲೆಕ್ಕವೂ ಕೂಡಿದೆ. ಮರವು ಗಾಳಿಯಿಂದ ಹೀರಿದ ಇಂಗಾಲವನ್ನು ತನ್ನ ಕಾಂಡದಲ್ಲಿ, ಬೇರಿನಲ್ಲಿ ಕೂಡಿಡುತ್ತದೆ; ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ. ನೀಲಗಿರಿ ಬೇಗ ಬೆಳೆಯುತ್ತದೆ, ಬೇಗ ಹೀರುತ್ತದೆ, ನಿಜ. ಆದರೆ ಕೆಲವೇ ವರ್ಷಗಳಿಗೊಮ್ಮೆ ಕಡಿದು ಗೂಡಿಗೆ ಹಾಕಿದಾಗ ಕೂಡಿಟ್ಟದ್ದೆಲ್ಲ ಹೊಗೆಯಾಗಿ ಬಂದ ದಾರಿಗೇ ಮರಳುತ್ತದೆ. ಗಟ್ಟಿ ಕಟ್ಟಿಗೆಯ ಹುಣಸೆಯಾದರೋ ಅದನ್ನು ತಲೆಮಾರುಗಳವರೆಗೆ ಹಿಡಿದಿಡುತ್ತದೆ. ಸಹ್ಯಾದ್ರಿಯ ಮಳೆಕಾಡಿನಲ್ಲೂ ಇದೇ ನ್ಯಾಯ. ಅಲ್ಲಿನ ಇಂಗಾಲದ ದೊಡ್ಡ ಪಾಲು ಹೆಮ್ಮರಗಳಲ್ಲಿರುತ್ತದೆ. ಅವು ಉರುಳಿದಲ್ಲಿ ಬೆಳಕು ಬಿದ್ದು ಮೆದು ಕಟ್ಟಿಗೆಯ ಮರಗಳು ಏಳುತ್ತವೆ. ದೊಡ್ಡ ಬೀಜಗಳನ್ನು ಹರಡುವ ಮಂಗಟ್ಟೆ ಹಕ್ಕಿ ಬೇಟೆಗೆ ಬಲಿಯಾದರೆ ಹೆಮ್ಮರದ ಸಂತತಿಯೂ ಕ್ಷೀಣಿಸುತ್ತದೆ. ದೂರದಿಂದ ನೋಡುವವರಿಗೆ ಕಾಡು ಹಸಿರಾಗಿಯೇ ಕಾಣುತ್ತದೆ.

ಮರುದಿನ ಕೋಲಾರದ ಅಂತರಗಂಗೆಗೆ ಹೋದೆ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಕೈಯೊಡ್ಡಿ ಮೇಲೇರಿದರೆ ಬಂಡೆಗಳ ಸಂದಿಯಲ್ಲಿ ಕುರುಚಲು ಕಾಡು. ಮಳೆಕಾಡಿನ ನೆಲವಲ್ಲ ಇದು. ಬಯಲುಸೀಮೆಯ ಒಣ ಕಾಡು. ಇಂಥ ಕಾಡಿನಲ್ಲಿ ಸೌದೆಗೆಂದು ಮತ್ತೆ ಮತ್ತೆ ಕಡಿದ ಬುಡ ಹಲವು ಕವಲೊಡೆದು, ಮರವಾಗಬೇಕಾದದ್ದು ಪೊದೆಯಾಗಿ ಉಳಿಯುತ್ತದೆ. ಬೇಸಿಗೆಯ ಬೆಂಕಿಯಿಂದ ಪಾರಾದ ಸಸಿಯನ್ನು ಮೇಕೆ ಬಿಡುವುದಿಲ್ಲ.

ಮುಳಬಾಗಿಲಿನ ಬಳಿ ಕುರುಡುಮಲೆಯ ಗಣಪತಿಯನ್ನು ಕಂಡು ಶ್ರೀನಿವಾಸಪುರದತ್ತ ತಿರುಗಿದೆ. ದಾರಿಯುದ್ದಕ್ಕೂ ಮಾವು. 2023ರಲ್ಲಿ ಈ ತಾಲ್ಲೂಕಿನಲ್ಲಿ ಅರಣ್ಯದ ಒತ್ತುವರಿ ತೆರವಾದಾಗ ಫಲ ಕೊಡುತ್ತಿದ್ದ ಮಾವಿನ ಮರಗಳು ನೆಲಕ್ಕುರುಳಿ, ರೈತರು ಬೀದಿಗಿಳಿದಿದ್ದರು. ಅರಣ್ಯದ ನೆಲ ಅರಣ್ಯಕ್ಕೇ ಸಲ್ಲಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಬೆಳೆದು ನಿಂತ ಮರದಷ್ಟು ಇಂಗಾಲ ಕೂಡಿಡಲು ಹೊಸ ಸಸಿಗೆ ದಶಕಗಳು ಬೇಕು. ಮರಗಳನ್ನು ಉಳಿಸಿಕೊಂಡೇ ನೆಲವನ್ನು ಹಿಂಪಡೆದು, ನಡುವೆ ಕಾಡುಜಾತಿಯ ಗಿಡಗಳನ್ನು ಬೆಳೆಸಬಹುದಿತ್ತಲ್ಲವೇ?

ಸಂಜೆ ಅತ್ತೆಯವರ ಮನೆಗೆ ಹಿಂದಿರುಗಿದಾಗ ದಿಣ್ಣೆಯ ಮಾತು ಎದ್ದಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಸರಿಯೇ. ಹಳೆಯ ಬುಡವೋ ಕಡಿದಷ್ಟೂ ಚಿಗುರುತ್ತದೆ. ಬುಡ ಕೀಳಿಸಿ ಮತ್ತೆ ಹುಣಸೆ ಹಾಕಿಸಬಾರದೇಕೆ ಎಂದೆ.

“ಬುಡ ಕೀಳೋ ಜೆಸಿಬಿಗೆ ದುಡ್ಡು ನೀನು ಕೊಡ್ತೀಯೇನಪ್ಪಾ? ಹುಣಸೆ ಕಾಯಿ ಬಿಡೋವರೆಗೂ ನಾವು ಏನು ತಿನ್ನೋಣ?” ಎಂದರು ಅತ್ತೆ.

ಅವರ ಮಗ ಮಾತ್ರ ದಿಣ್ಣೆಯ ಅರ್ಧ ಭಾಗದ ಬುಡಗಳನ್ನಾದರೂ ಈ ವರ್ಷ ಕೀಳಿಸುವೆನೆಂದ. ಉಳಿದರ್ಧದ ಕಟಾವಿಗೆ ವ್ಯಾಪಾರಿ ಆಗಲೇ ಮುಂಗಡ ಕೊಟ್ಟು ಹೋಗಿದ್ದ.