ಸೂಜಿಯ ಮುಚ್ಚಳ

ರಾತ್ರಿ 2 ಗಂಟೆ 20 ನಿಮಿಷ. ಮೆಡಿಸಿನ್ ವಾರ್ಡಿನಲ್ಲಿ ಮಂಚ ಸಾಲದೆ ಇಬ್ಬರು ಚಾಪೆ ಹಾಸಿ ನೆಲದಲ್ಲೇ ಮಲಗಿದ್ದಾರೆ. 14ನೇ ಮಂಚದ ತಾತನ ತೋಳಿಗೆ ಪಟ್ಟಿ ಬಿಗಿದು ರಕ್ತನಾಳ ತಡಕುತ್ತಿದ್ದೇನೆ. ಎರಡು ಸಲ ತಪ್ಪಿತು. ಮೂರನೆಯ ಸಲ ಸಿರಿಂಜಿಗೆ ಕಡುಗೆಂಪು ರಕ್ತ ಏರುತ್ತದೆ. ಹತ್ತಿ ಒತ್ತಿ, ಮೊಣಕೈ ಮಡಚಿಸಿ... ಸರಿ, ಈ ಸೂಜಿಯನ್ನು ಎಲ್ಲಿ ಹಾಕಲಿ? ಸೂಜಿ ಹಾಕುವ ಬಿಳಿ ಡಬ್ಬಿ ವಾರ್ಡಿನ ಆ ತುದಿಯಲ್ಲಿ, ಸಿಸ್ಟರ್ ಮೇಜಿನ ಪಕ್ಕ. ನಡುವೆ ಚಾಪೆಗಳು, ಡ್ರಿಪ್ ಸ್ಟ್ಯಾಂಡುಗಳು, ಕೂತಲ್ಲೇ ತೂಕಡಿಸುವ ನೆಂಟರು.

ಬಳಸಿದ ಸೂಜಿಗೆ ಕ್ಯಾಪ್ ಹಾಕಬಾರದು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೇನೆ. ಆದರೆ ವಾರ್ಡಿನಲ್ಲಿ ಸೀನಿಯರ್‌ಗಳು ಮಾತಾಡುತ್ತಲೇ ಟಕ್ಕೆಂದು ಕ್ಯಾಪ್ ಸಿಕ್ಕಿಸುತ್ತಿದ್ದರು. ನನ್ನ ಕೈ ಕಲಿತದ್ದು ಅದನ್ನೇ.

ಎಡಗೈಯಲ್ಲಿ ಕ್ಯಾಪ್, ಬಲಗೈಯಲ್ಲಿ ಸಿರಿಂಜು. ಚುಳ್!

ನೋವು ಇರುವೆ ಕಚ್ಚಿದಷ್ಟೇ. ಗ್ಲೌಸಿನೊಳಗೆ ತೋರುಬೆರಳ ತುದಿಯಲ್ಲಿ ಕೆಂಪು ಚುಕ್ಕೆ ಮೂಡಿ ಸಾಸಿವೆ ಕಾಳಿನಷ್ಟಾಗುತ್ತದೆ.

"ಏನಾಯ್ತು ಡಾಕ್ಟ್ರಮ್ಮ?"

"ಏನಿಲ್ಲ ತಾತ."

ನಲ್ಲಿಯ ಬಳಿ ಬೆರಳು ತಾನಾಗಿ ಬಾಯಿಯತ್ತ ಹೋಗುತ್ತದೆ. ತಡೆಯುತ್ತೇನೆ. ಹಿಂಡಬಾರದು, ಸ್ಪಿರಿಟ್ ಸುರಿಯಬಾರದು; ಸೋಪು, ಹರಿಯುವ ನೀರು, ಅಷ್ಟೇ. ಕಟ್ಟೆಗೆ ಅಂಟಿ ಒಣಗಿದ ಸೋಪಿನ ಚೂರನ್ನು ಉಗುರಿನಿಂದ ಕೀಳುತ್ತೇನೆ.

ತಲೆಯಲ್ಲಿ ಪಠ್ಯಪುಸ್ತಕ ಓಡುತ್ತಿದೆ. ಎಚ್‌ಐವಿ ಇರುವವರ ರಕ್ತವಾದರೆ, ಇಂಥ ಸಾವಿರ ಚುಚ್ಚುಗಳಲ್ಲಿ ಸುಮಾರು 3ರಲ್ಲಿ ಸೋಂಕು ತಗಲುತ್ತದೆ. ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಸುಲಭವಾಗಿ ದಾಟುತ್ತದೆ. ಲಸಿಕೆಯ 3 ಡೋಸ್ ಆಗಿದೆ ನಿಜ, ಅದು ಮೈಗೆ ಹತ್ತಿದೆಯೇ ಎಂದು ಪರೀಕ್ಷೆ ಮಾಡಿಸಿಕೊಂಡಿಲ್ಲ. ಹೆಪಟೈಟಿಸ್ ಸಿಗಂತೂ ಲಸಿಕೆಯೇ ಇಲ್ಲ. ಸಾವಿರಕ್ಕೆ 3 ಅನ್ನುವುದು ರೋಗಿಗೆ ಧೈರ್ಯ ಹೇಳುವಾಗ ಸಣ್ಣ ಲೆಕ್ಕ. ಈಗ ಆ ಮೂವರಿಗೂ ನನ್ನದೇ ಮುಖ.

ಸುಮ್ಮನಿದ್ದುಬಿಟ್ಟರೆ? ಪಿಜಿ ಸರ್‌ಗೆ ಗೊತ್ತಾದರೆ "ಸೂಜಿ ಹಿಡಿಯೋಕ್ಕೂ ಬರಲ್ವಾ" ಅಂತಾರೆ. ಆದರೆ ಎಚ್‌ಐವಿ ತಡೆಯುವ ಗುಳಿಗೆಯನ್ನು 2 ಗಂಟೆಯೊಳಗೆ ನುಂಗಿದರೆ ಒಳ್ಳೆಯದು; 72 ಗಂಟೆ ದಾಟಿದ ಮೇಲೆ ಶುರುಮಾಡಿ ಫಲವಿಲ್ಲ. ನಲ್ಲಿಯ ಮುಂದೆಯೇ 17 ನಿಮಿಷ ಕಳೆದಿದ್ದೇನೆ.

"ಮೊದಲೇ ಬಂದು ಹೇಳೋದಲ್ವೇನಮ್ಮ?" ಸಿಸ್ಟರ್ ಬೈಯುತ್ತಲೇ ಬೀರು ತೆರೆಯುತ್ತಾರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರವಿರ್, ಮೂರೂ ಸೇರಿದ ಒಂದೇ ಗುಳಿಗೆ. ದಿನಕ್ಕೊಂದರಂತೆ 28 ದಿನ. ತಾತನ ವರದಿಗೆ ಕಾಯಬೇಕಿಲ್ಲ. ಅವರಿಗೆ ಎಚ್‌ಐವಿ ಇಲ್ಲವೆಂದು ಖಚಿತವಾದರೆ ನಿಲ್ಲಿಸಬಹುದು. ನನ್ನ ರಕ್ತವೂ ಲ್ಯಾಬಿಗೆ ಹೋಗುತ್ತದೆ.

ಆಮೇಲೆ ಸೂಜಿ ಚುಚ್ಚಿಸಿಕೊಂಡವರ ಹೆಸರು ಬರೆಯುವ ರಿಜಿಸ್ಟರ್. ನನ್ನ ಹೆಸರಿನ ಮೇಲಿನ ಸಾಲಿಗೆ ಎಂಟು ತಿಂಗಳ ಹಿಂದಿನ ತಾರೀಖು. ಎಂಟು ತಿಂಗಳು! ನಮ್ಮ ಬ್ಯಾಚಿನವರ ಕೈ ಅಷ್ಟೊಂದು ಪಳಗಿದೆಯೇ? ಕಳೆದ ತಿಂಗಳು ರೂಮ್‌ಮೇಟ್ ಬೆರಳಿಗೆ ಬ್ಯಾಂಡೇಡ್ ಸುತ್ತಿಕೊಂಡು ಬಂದು "ಚಾಕು ತಾಗಿತು" ಅಂದಿದ್ದಳು. ಮೆಸ್ಸಿನಲ್ಲಿ ಉಣ್ಣುವ ನಮಗೆ ಎಲ್ಲಿಯ ಚಾಕು?

ಟ್ರೇಯಲ್ಲಿ ಬಿಟ್ಟುಹೋದ ಸಿರಿಂಜಿನ ರಕ್ತ ಹೆಪ್ಪುಗಟ್ಟಿದೆ. ಮತ್ತೆ ಎಳೆಯಬೇಕು. ಈ ಸಲ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಗೂ ಬೇಕು, ಅದಕ್ಕೆ ತಾತನ ಒಪ್ಪಿಗೆಯೂ ಬೇಕು. ಯಾಕೆಂದು ತಲೆ ತಗ್ಗಿಸಿಕೊಂಡೇ ಹೇಳುತ್ತೇನೆ. ಅವರು ನನ್ನ ಬೆರಳನ್ನೇ ನೋಡುತ್ತಾರೆ.

"ಆಗ ಏನಿಲ್ಲ ಅಂದ್ರಲ್ಲವ್ವ" ಎನ್ನುತ್ತ ಇನ್ನೊಂದು ತೋಳು ಚಾಚುತ್ತಾರೆ. "ಎಷ್ಟ್ ಬೇಕೋ ತಗಳಿ."

ಹೊಸ ಗ್ಲೌಸ್, ಹೊಸ ಸೂಜಿ. ಪಟ್ಟಿ ಕಟ್ಟುವ ಮೊದಲು ಚಾಪೆಗಳನ್ನು ದಾಟಿ ಆ ತುದಿಗೆ ಹೋಗಿ, ಬಿಳಿ ಡಬ್ಬಿ ಎತ್ತಿಕೊಂಡು ಬಂದು ಮಂಚದ ಪಕ್ಕ ಇಡುತ್ತೇನೆ.